ಅಂಗಳಕ್ಕೆ ಬಂದ ಕ್ರೌಂಚ

ಮೆಚ್ಚಿದ್ದನ್ನು ಮನೆಗೆ ತಂದುಕೊಳ್ಳಬೇಕೆಂಬುದು ಮನುಷ್ಯನ ಹಳೆಯ ಹಂಬಲ. ಚೆಲುವಾದ ಹೂ ಕಂಡರೆ ಕೊಯ್ಯುತ್ತಾನೆ; ಮುದ್ದಾದ ಗಿಳಿ ಕಂಡರೆ ಪಂಜರ ಹುಡುಕುತ್ತಾನೆ. ಮನುಷ್ಯನ ಹಗೆತನದಿಂದ ಅಳಿದ ಪ್ರಾಣಿಗಳ ಕಥೆ ಎಲ್ಲರೂ ಬಲ್ಲದ್ದು. ಅವನ ಅಕ್ಕರೆಯಿಂದಲೇ ಕೇಡಿಗೀಡಾದ ಪ್ರಾಣಿಯ ಕಥೆ ಕೇಳಬೇಕಾದರೆ ಆಫ್ರಿಕ ಖಂಡದ ಕಡೆಗೆ ಕಣ್ಣು ಹಾಯಿಸಬೇಕು.

ಅಲ್ಲಿಯ ಜೌಗು ನೆಲಗಳಲ್ಲಿ ಕಿರೀಟ ಕ್ರೌಂಚವೆಂಬ ಹಕ್ಕಿ ಉಂಟು. ಮೂರು ಅಡಿಗೆ ಮಿಕ್ಕ ನಿಲುವು. ಬೂದು ಬಣ್ಣದ ಮೈ, ಬಿಳಿಯ ಕೆನ್ನೆ, ಕೊರಳಿನಲ್ಲಿ ಇಳಿಬಿದ್ದ ಕೆಂಪು ಚೀಲ. ನೆತ್ತಿಯ ಮೇಲೆ ಕಡ್ಡಿಗಳಂತೆ ನೆಟ್ಟಗೆ ನಿಂತ ಹೊಂಬಣ್ಣದ ಗರಿಗಳು ಬಿಸಿಲು ಬಿದ್ದಾಗ ನಿಜವಾದ ಮಕುಟದಂತೆಯೇ ಹೊಳೆಯುತ್ತವೆ. ಕ್ರೌಂಚಗಳ ಕುಲದಲ್ಲಿ ಮರದ ಕೊಂಬೆಯನ್ನು ಹಿಡಿದು ಕೂರಬಲ್ಲವು ಈ ಕಿರೀಟಧಾರಿಗಳು ಮಾತ್ರ; ಇವುಗಳ ಹಿಂಬೆರಳು ಅದಕ್ಕೆ ತಕ್ಕಷ್ಟು ನೀಳವಾಗಿದೆ. ಜೊತೆಗೂಡಿದ ಗಂಡು ಹೆಣ್ಣು ತಲೆ ಬಾಗಿಸಿ, ರೆಕ್ಕೆ ಬಿಚ್ಚಿ, ನೆಲದಿಂದ ಚಿಮ್ಮಿ ಕುಣಿಯುವ ನೋಟವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. 1962ರಲ್ಲಿ ಸ್ವತಂತ್ರವಾದ ಉಗಾಂಡ ದೇಶ ತನ್ನ ಬಾವುಟದ ನಡುವೆ ಇದೇ ಹಕ್ಕಿಯನ್ನು ನಿಲ್ಲಿಸಿತು. ಪಶ್ಚಿಮ ಆಫ್ರಿಕದಿಂದ ಇಥಿಯೋಪಿಯದವರೆಗೆ ಹಬ್ಬಿರುವ ಇದರ ದಾಯಾದಿ, ಕಪ್ಪು ಮೈಯ ಕಿರೀಟ ಕ್ರೌಂಚ, ನೈಜೀರಿಯದ ರಾಷ್ಟ್ರಪಕ್ಷಿ.

ಇಷ್ಟು ಗೌರವ ಪಡೆದ ಹಕ್ಕಿಗೆ ಗೌರವವೇ ಮುಳುವಾಯಿತು. ರುವಾಂಡದಲ್ಲಿ ಈ ಕ್ರೌಂಚ ದೀರ್ಘಾಯುಷ್ಯದ ಕುರುಹು, ಸಿರಿವಂತಿಕೆಯ ಲಕ್ಷಣ. ಅನುಕೂಲಸ್ಥರ ಅಂಗಳದಲ್ಲಿ, ಹೋಟೆಲುಗಳ ಹುಲ್ಲುಹಾಸಿನ ಮೇಲೆ ಒಂದೆರಡು ಹಕ್ಕಿಗಳು ಅಡ್ಡಾಡುತ್ತಿದ್ದರೆ ಶೋಭೆ. ಅತ್ತ ಮಾಲಿ ದೇಶದಲ್ಲಿಯೂ ಕಪ್ಪು ಕಿರೀಟ ಕ್ರೌಂಚವನ್ನು ಮನೆಗಳಲ್ಲಿ ಸಾಕುವ ವಾಡಿಕೆಯುಂಟು. ಇವಲ್ಲದೆ ಹೊರದೇಶಗಳ ಮೃಗಾಲಯಗಳಿಗೂ ಶ್ರೀಮಂತರ ತೋಟಗಳಿಗೂ ಹಕ್ಕಿಗಳು ಸಾಗಿಹೋದವು.

ಹಿಡಿಯುವುದು ಕಷ್ಟವಲ್ಲ. ಮೊಟ್ಟೆಯೊಡೆದು ಬಂದ ಮರಿ ಬೇಗನೆ ನಡೆಯುತ್ತದೆ, ಆದರೆ ವಾರಗಟ್ಟಲೆ ಹಾರಲಾರದು. ಜೌಗಿನ ಅಂಚಿನಲ್ಲಿ ಬದುಕುವ ಬಡವನಿಗೆ ಅದು ಕೈಗೆ ಸಿಕ್ಕ ನಾಲ್ಕು ಕಾಸು. ಅವನನ್ನು ದುಷ್ಟನೆನ್ನಲು ಬಾಯಿ ಬಾರದು. ಕೊಂಡು ತಂದವನು ಹಕ್ಕಿ ಹಾರಿಹೋಗದಿರಲೆಂದು ರೆಕ್ಕೆಯ ಗರಿಗಳನ್ನು ಕತ್ತರಿಸುತ್ತಾನೆ. ಕೆಲವರು ರೆಕ್ಕೆಯ ಮೂಳೆಯನ್ನೇ ಮುರಿಯುತ್ತಾರೆ. ಕತ್ತರಿಸಿದ ಗರಿ ಮತ್ತೆ ಬೆಳೆದೀತು, ಮುರಿದ ಮೂಳೆ ಮೊದಲಿನಂತಾಗದು. ಅಂಗಳದ ಹಕ್ಕಿ ಮರಿ ಮಾಡುವುದೂ ಅಪರೂಪ. ಅದು ಸತ್ತರೆ ಇನ್ನೊಂದು ಜೌಗಿನಿಂದಲೇ ಬರಬೇಕು. ದಾರಿಯಲ್ಲಿ ಸತ್ತವುಗಳ ಲೆಕ್ಕ ಬೇರೆ. ಹೀಗಾಗಿ ಒಂದು ಅಂಗಳದ ಶೋಭೆಗೆ ಜೌಗು ತೆರುವ ಬೆಲೆ ಒಂದೇ ಹಕ್ಕಿಯಲ್ಲ.

ತಪ್ಪೆಲ್ಲ ವ್ಯಾಪಾರದ್ದೇ ಎನ್ನುವಂತಿಲ್ಲ. ಜೌಗು ಬತ್ತಿ ಹೊಲವಾಗುತ್ತಿದೆ. ವಿದ್ಯುತ್ ತಂತಿಗೆ ತಗುಲಿ, ವಿಷದ ಕಾಳು ತಿಂದು ಹಕ್ಕಿಗಳು ಸಾಯುತ್ತಿವೆ. 1985ರಲ್ಲಿ ಬೂದು ಕಿರೀಟ ಕ್ರೌಂಚಗಳ ಸಂಖ್ಯೆ ಒಂದು ಲಕ್ಷಕ್ಕೂ ಮಿಗಿಲೆಂಬ ಅಂದಾಜಿತ್ತು; 2004ರ ಅಂದಾಜು 50,000ದಿಂದ 64,000ಕ್ಕೆ ಇಳಿಯಿತು. 2012ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಈ ಹಕ್ಕಿಯನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ವನ್ಯಜೀವಿಗಳ ವ್ಯಾಪಾರವನ್ನು ಕುರಿತು 1975ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಇದನ್ನು ಅನುಮತಿ ಪತ್ರವಿಲ್ಲದೆ ಗಡಿ ದಾಟಿಸುವಂತಿಲ್ಲ. ಆದರೆ ಒಪ್ಪಂದದ ಕಣ್ಣು ಗಡಿಯ ಮೇಲೆ; ಮನೆಯ ಕಾಂಪೌಂಡಿನ ಗೋಡೆಯಾಚೆ ಅದಕ್ಕೆ ಕಾಣುವುದಿಲ್ಲ.

ಆ ಗೋಡೆಯ ಬಾಗಿಲನ್ನು ತಟ್ಟಿದವರು ರುವಾಂಡದ ಪಶುವೈದ್ಯ ಒಲಿವಿಯೆ ಎನ್ಸೆಂಗಿಮಾನ. ಮೊದಲು ಬೆಟ್ಟದ ಗೊರಿಲ್ಲಗಳಿಗೆ ಮದ್ದು ಮಾಡುತ್ತಿದ್ದ ಅವರು 2014ರಲ್ಲಿ ಕ್ರೌಂಚಗಳ ಕೆಲಸಕ್ಕೆ ಕೈಹಾಕಿದರು. ಹಕ್ಕಿ ಸಾಕಿದವರನ್ನು ಕಳ್ಳರೆಂದು ಎಳೆದೊಯ್ಯಲಿಲ್ಲ. “ದಂಡವಿಲ್ಲ, ಶಿಕ್ಷೆಯಿಲ್ಲ, ನಿಮ್ಮಲ್ಲಿ ಹಕ್ಕಿಯಿದ್ದರೆ ತಿಳಿಸಿ” ಎಂಬ ಕರೆ ಬಾನುಲಿಯ ಮೂಲಕ ಮನೆಮನೆಗೆ ಹೋಯಿತು. ಹಲವರಿಗೆ ತಾವು ಮಾಡಿದ್ದು ತಪ್ಪೆಂಬುದೇ ಗೊತ್ತಿರಲಿಲ್ಲ. ತಿಳಿದ ಮೇಲೆ ಅವರೇ ಹಕ್ಕಿಗಳನ್ನು ಒಪ್ಪಿಸಿದರು. ಹೀಗೆ ಇನ್ನೂರಕ್ಕೂ ಹೆಚ್ಚು ಕ್ರೌಂಚಗಳು ಅಂಗಳಗಳಿಂದ ಹೊರಬಂದವು. ರೋಗ ಪರೀಕ್ಷೆ ಮುಗಿಸಿ, ಗರಿ ಬೆಳೆಯುವವರೆಗೆ ಆರೈಕೆ ಮಾಡಿ, ಹಾರಬಲ್ಲವನ್ನು ಅಕಗೆರ ರಾಷ್ಟ್ರೀಯ ಉದ್ಯಾನದಲ್ಲಿ ಬಿಡಲಾಯಿತು. 2017ರಲ್ಲಿ ಇಡೀ ದೇಶದಲ್ಲಿ ಎಣಿಕೆಗೆ ಸಿಕ್ಕ ಕಾಡು ಕ್ರೌಂಚಗಳು 487. 2023ರ ಎಣಿಕೆಯಲ್ಲಿ ಅವು ಸಾವಿರವನ್ನು ಮೀರಿದ್ದವು.

ಹಾರಲಾರದ ಹಕ್ಕಿಗಳ ಗತಿ? ಅವಕ್ಕಾಗಿ ರಾಜಧಾನಿ ಕಿಗಾಲಿಯಲ್ಲಿ ಉಮುಸಂಬಿ ಗ್ರಾಮವೆಂಬ ತಾಣವಿದೆ; ಉಮುಸಂಬಿ ಎಂದರೆ ಆ ನಾಡಿನ ಮಾತಿನಲ್ಲಿ ಕ್ರೌಂಚವೆಂದೇ ಅರ್ಥ. ಅಲ್ಲಿ ಹುಲ್ಲಿದೆ, ನೀರಿದೆ, ಜೊತೆಗಾರರಿದ್ದಾರೆ. ಕಿರೀಟವನ್ನು ಹೊತ್ತ ಹಕ್ಕಿಗಳು ಮುರಿದ ರೆಕ್ಕೆಯನ್ನು ಮೈಗೆ ಅವಚಿಕೊಂಡು ನಿಧಾನವಾಗಿ ಹೆಜ್ಜೆಯಿಡುತ್ತವೆ. ಮಕ್ಕಳ ಕೈಹಿಡಿದು ಬರುವ ಸಂಸಾರಸ್ಥರು ದಾರಿಯ ಮೇಲೆ ನಿಂತು, ದೂರದಿಂದಲೇ ನೋಡಿ ಹಿಂದಿರುಗುತ್ತಾರೆ.

ಹಿಂದೆ ಕ್ರೌಂಚ ಮನುಷ್ಯನ ಅಂಗಳಕ್ಕೆ ಬಂದಿತ್ತು, ಬಲವಂತದಿಂದ. ಈಗ ಮನುಷ್ಯ ಕ್ರೌಂಚದ ಅಂಗಳಕ್ಕೆ ಹೋಗುತ್ತಾನೆ, ಅತಿಥಿಯಾಗಿ. ಹಕ್ಕಿಯ ಮೇಲಿನ ಅಕ್ಕರೆ ಅಂದೂ ಇತ್ತು, ಇಂದೂ ಇದೆ. ಬರಿಗೈಯಲ್ಲಿ ಮನೆಗೆ ಮರಳುವುದನ್ನು ಮಾತ್ರ ಆ ಅಕ್ಕರೆ ಹೊಸದಾಗಿ ಕಲಿತಿದೆ.