ಪಾವಗಡದ ಬಿಸಿಲಲ್ಲಿ ಯಾರ ಪಾಲೆಷ್ಟು

ಮಧುಗಿರಿಯ ಏಕಶಿಲಾ ಬೆಟ್ಟ ಹಿಂದಾದ ಮೇಲೆ ರಸ್ತೆಯ ಇಕ್ಕೆಲಗಳ ಬಣ್ಣ ಬದಲಾಗುತ್ತಾ ಹೋಗುತ್ತದೆ. ತೆಂಗು, ಅಡಿಕೆ ವಿರಳವಾಗಿ ಹುಣಸೆ, ಬೇವು, ಜಾಲಿ ಉಳಿಯುತ್ತವೆ. ಮಣ್ಣು ಕೆಂಪಗಾಗುತ್ತದೆ. ದುಂಡು ಬಂಡೆಗಳ ಗುಡ್ಡಗಳು ಒಂದರ ಹಿಂದೊಂದು ತಲೆಯೆತ್ತುತ್ತವೆ. ಪಾವಗಡ ತುಮಕೂರು ಜಿಲ್ಲೆಯ ತಾಲ್ಲೂಕೇ ಆದರೂ ಅದನ್ನು ಮೂರು ಕಡೆಯಿಂದ ಆಂಧ್ರ ಸುತ್ತುವರಿದಿದೆ. ಟೀ ಅಂಗಡಿಯಲ್ಲಿ ಕನ್ನಡದಲ್ಲಿ ಶುರುವಾದ ಮಾತು ತೆಲುಗಿಗೆ ಹೊರಳಿ, ಲೋಟ ಕೆಳಗಿಡುವಷ್ಟರಲ್ಲಿ ಮತ್ತೆ ಕನ್ನಡಕ್ಕೆ ಬಂದಿರುತ್ತದೆ. ಶನಿವಾರವಾದರೆ ಶನಿಮಹಾತ್ಮನ ಗುಡಿಯ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ದೂರದೂರದಿಂದ ಬಂದ ಭಕ್ತರು ದರ್ಶನ ಮುಗಿಸಿ ಬೆಂಗಳೂರಿನ ಬಸ್ಸು ಹಿಡಿಯುತ್ತಾರೆ. ನಾನು ನಾಗಲಮಡಿಕೆ ಹೋಬಳಿಯ ದಾರಿ ಹಿಡಿದೆ.

ನಾಗಲಮಡಿಕೆ ಉತ್ತರ ಪಿನಾಕಿನಿಯ ದಡದ ಊರು. ಕುಕ್ಕೆ, ಘಾಟಿ ಆದ ಮೇಲೆ ಅಂತ್ಯ ಸುಬ್ರಹ್ಮಣ್ಯ ನೆಲೆಸಿರುವುದು ಇಲ್ಲೇ ಎಂಬುದು ನಂಬಿಕೆ. ನಾನು ಹೋದ ಬೇಸಿಗೆಯಲ್ಲಿ ಹೊಳೆಯಲ್ಲಿದ್ದದ್ದು ಮರಳು ಮಾತ್ರ. ಈ ಸೀಮೆಗೆ ಬರವೆಂದರೆ ಸುದ್ದಿಯಲ್ಲ. ಕೊಳವೆಬಾವಿ ಎಷ್ಟು ಆಳಕ್ಕೆ ಹೋದರೂ ನೀರು ಸಿಗುತ್ತದೆಂಬ ಖಾತ್ರಿಯಿಲ್ಲ, ಸಿಕ್ಕ ನೀರಿನಲ್ಲಿ ಫ್ಲೋರೈಡ್. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವುದು, ಮಳೆ ಕೈಕೊಟ್ಟರೆ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಕೂಲಿಗೆ ಹೋಗುವುದು, ಹೀಗೇ ತಲೆಮಾರುಗಳು ಕಳೆದಿವೆ.

ತಿರುಮಣಿ ಹತ್ತಿರ ಒಂದು ಸಣ್ಣ ಗುಡ್ಡ ಹತ್ತಿ ಕೆಳಗೆ ನೋಡಿದೆ. ಕಣ್ಣಿಗೆ ಕಂಡದ್ದು ತುಂಬಿ ನಿಂತ ಕೆರೆ. ದಿಗಂತದವರೆಗೆ ನೀಲಿ, ಅದರ ಮೇಲೆ ಬಿಸಿಲಿನ ಮಿರುಗು, ನಡುನಡುವೆ ನಡುಗಡ್ಡೆಗಳಂತೆ ಬಂಡೆಗುಡ್ಡಗಳು. ಅಲ್ಲಿ ನೀರಿಲ್ಲವೆಂದು ಗೊತ್ತಿದ್ದೂ ಮೈ ಜುಮ್ಮೆಂದಿತು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯ ಮೇಲೆ ಹರಡಿಕೊಂಡ ಸೌರಫಲಕಗಳವು. ಸರ್ಕಾರ ಇದಕ್ಕಿಟ್ಟ ಹೆಸರು ‘ಶಕ್ತಿ ಸ್ಥಳ’. ಊರವರ ಬಾಯಲ್ಲಿ ಬರೀ ‘ಸೋಲಾರ್’. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟ್ ಪೂರ್ತಿಯಾಯಿತು. ನಾಡಿಗೆಲ್ಲ ಬೆಳಕು ಕೊಟ್ಟ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ರಾಯಚೂರಿನ ಶಾಖೋತ್ಪನ್ನ ಸ್ಥಾವರದ್ದು 1,720. ನಿಜ, ಸೂರ್ಯ ರಾತ್ರಿ ದುಡಿಯುವುದಿಲ್ಲ, ಮೋಡವಿದ್ದಾಗ ಅರೆಮನಸ್ಸು. ವರ್ಷದ ಸರಾಸರಿ ತೆಗೆದರೆ ಸಿಗುವುದು ಸಾಮರ್ಥ್ಯದ ಸುಮಾರು ಐದರಲ್ಲೊಂದು ಪಾಲು. ಆದರೆ ರಾಯಚೂರಿಗೆ ಕಲ್ಲಿದ್ದಲು ಹೊರರಾಜ್ಯದಿಂದ ರೈಲಿನಲ್ಲಿ ಬರಬೇಕು, ಉರಿದ ಮೇಲೆ ಬೂದಿಯನ್ನು ಎಲ್ಲಿ ಸುರಿಯುವುದೆಂಬ ಚಿಂತೆ ಬೇರೆ. ಇಲ್ಲಿಗೆ ಬರಬೇಕಾದದ್ದು ಬೆಳಗು ಮಾತ್ರ.

ಅನುಮತಿ ಪಡೆದು ಒಳಗೆ ಹೋದೆ. ಸಾಲುಗಳೆಲ್ಲ ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ನಿಂತಿವೆ. ಒಂದು ಫಲಕದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಗಾಜಿನಡಿ ಚೌಕ ಚೌಕ ಸಿಲಿಕಾನ್ ಬಿಲ್ಲೆಗಳು, ಅವುಗಳ ಮೇಲೆ ಕೂದಲೆಳೆಯಷ್ಟು ಸಣ್ಣ ಬೆಳ್ಳಿಗೆರೆಗಳು. ಬೆಳಕು ಬಿದ್ದೊಡನೆ ಸಿಲಿಕಾನಿನ ಎಲೆಕ್ಟ್ರಾನುಗಳು ಕದಲಿ ಆ ಗೆರೆಗಳ ದಾರಿ ಹಿಡಿಯುತ್ತವೆ, ಕರೆಂಟು ಹುಟ್ಟುವುದು ಅಷ್ಟರಿಂದಲೇ. ಕುದಿಯುವ ನೀರಿಲ್ಲ, ತಿರುಗುವ ಚಕ್ರವಿಲ್ಲ. ಫಲಕದ ಕೆಳಅಂಚಿನಲ್ಲಿ ಬೆರಳಗಲದ ಕೆಂಪು ಪಟ್ಟಿ ಕಂಡಿತು. ಹನಿ ಮಳೆ ಬಂದು ಧೂಳನ್ನು ಪೂರ್ತಿ ತೊಳೆಯದೆ ಕೆಳಕ್ಕೆ ತಳ್ಳಿ ಅಂಟಿಸಿಬಿಟ್ಟಿತ್ತು. ಬಿಲ್ಲೆಗಳು ಒಂದಕ್ಕೊಂದು ಸರಪಳಿಯಾಗಿ ಹೆಣೆದುಕೊಂಡಿರುವುದರಿಂದ ಕೊನೆಯ ಸಾಲಿಗೆ ನೆರಳು ಬಿದ್ದರೆ ಮೇಲಿನ ಬಿಲ್ಲೆಗಳ ದುಡಿಮೆಯೂ ಕುಗ್ಗುತ್ತದೆ. ಅದಕ್ಕೇ ಇಲ್ಲಿ ಒರೆಸುವ, ತೊಳೆಯುವ, ಹುಲ್ಲು ಕೊಯ್ಯುವ ಕೆಲಸ ಮುಗಿಯುವುದೇ ಇಲ್ಲ. ದೂರದ ಇನ್ವರ್ಟರ್ ಕೊಠಡಿಯಿಂದ ಗುಂಯ್ ಎನ್ನುವ ಸದ್ದು ಬಿಟ್ಟರೆ ಇಡೀ ಬಯಲು ಮೌನ.

ಈ ಯಂತ್ರಗಳಿಗಿಂತ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇವುಗಳ ಕೆಳಗಿನ ನೆಲದ ಕರಾರು. ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ ‘ಕ್ರೆಡಲ್’ ಮತ್ತು ಕೇಂದ್ರದ ಸೌರಶಕ್ತಿ ನಿಗಮ ‘ಸೆಕಿ’ ಸೇರಿ 2015ರಲ್ಲಿ ಕಟ್ಟಿದ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಇಲ್ಲಿ ಭೂಸ್ವಾಧೀನಕ್ಕೆ ಕೈಹಾಕಲಿಲ್ಲ. ಸುಮಾರು 2,300 ರೈತರಿಂದ 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಪಹಣಿ ರೈತನ ಹೆಸರಲ್ಲೇ ಇರುತ್ತದೆ. ಐದೆಕರೆ ಕೊಟ್ಟವನಿಗೆ ಮಳೆ ಬರಲಿ ಬಿಡಲಿ ಮೊದಲ ವರ್ಷವೇ 1,05,000 ರೂಪಾಯಿ. ಕಡಲೆಕಾಯಿಯ ಬೀಜದ ದುಡ್ಡೂ ಹುಟ್ಟದ ವರ್ಷಗಳನ್ನು ಕಂಡ ಮನೆಗೆ ಇದೇನು ಸಣ್ಣ ಮಾತೇ?

ನಮ್ಮ ನಾಡಿನ ವಿದ್ಯುತ್ತಿನ ಚರಿತ್ರೆ ಬಲ್ಲವರಿಗೆ ಇದರ ಬೆಲೆ ಗೊತ್ತಾಗುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಕೋಲಾರದ ಚಿನ್ನದ ಗಣಿಗೆ ಓಡಿತು. ತಂತಿ ಹಾದುಹೋದ ಹಳ್ಳಿಗಳು ಬುಡ್ಡಿದೀಪದಲ್ಲೇ ಉಳಿದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕಣಿವೆಯ ಮನೆ, ತೋಟ, ಗದ್ದೆ ನೀರಿನಡಿ ಹೋದವು. ಎತ್ತಂಗಡಿಯಾದವರನ್ನು ತಂದುಬಿಟ್ಟ ಕಾಡಂಚಿನ ಜಾಗಗಳ ಹಕ್ಕುಪತ್ರಕ್ಕಾಗಿ ಅವರ ಮಕ್ಕಳು, ಮೊಮ್ಮಕ್ಕಳು ಶಿವಮೊಗ್ಗದಲ್ಲಿ ಹೋರಾಡುತ್ತಲೇ ಬಂದಿದ್ದಾರೆ. ಊರಿಗೆಲ್ಲ ಬೆಳಕು ಕೊಟ್ಟವರಿಗೆ ಕೈಯಲ್ಲೊಂದು ಕಾಗದವಿಲ್ಲ. ಪಾವಗಡದಲ್ಲಿ ಆ ಕಾಗದ ರೈತನ ಮನೆಯ ಟ್ರಂಕಿನಲ್ಲೇ ಇದೆ. ಐವತ್ತು ವರ್ಷಗಳಲ್ಲಿ ನಾವು ಕಲಿತ ದೊಡ್ಡ ಪಾಠವಿದು, ಇದನ್ನು ಮನಸಾರೆ ಮೆಚ್ಚುತ್ತೇನೆ.

ಆದರೆ ಹೊಲಕ್ಕೆ ಪಹಣಿಯಲ್ಲಿರುವ ಹೆಸರೊಂದೇ ಅಲ್ಲ. ಸಾಲುಗಳ ನಡುವೆ ನಾಲ್ಕಾರು ಹೆಂಗಸರು ಸೆರಗನ್ನು ತಲೆಗೆ ಬಿಗಿದು ಕುಡುಗೋಲಿನಲ್ಲಿ ಹುಲ್ಲು ಕೊಯ್ಯುತ್ತಿದ್ದರು. ಫಲಕ ತೊಳೆದ ನೀರು ಬಿದ್ದಲ್ಲಿ ಹುಲ್ಲು ಎದ್ದೇ ಏಳುತ್ತದೆ. ಬೆಳೆದರೆ ನೆರಳು, ಒಣಗಿದರೆ ಬೆಂಕಿಯ ಭಯ. ಅವರಲ್ಲೊಬ್ಬರನ್ನು “ಹೊಲ ಎಷ್ಟು ಕೊಟ್ಟಿದೀರಕ್ಕಾ?” ಎಂದು ಕೇಳಿದೆ.

“ನಮ್ದೆಲ್ಲಿ ಹೊಲ ಅಣ್ಣಾ? ಹೊಲ ಇದ್ದೋರಿಗೆ ಬ್ಯಾಂಕಿಗೆ ದುಡ್ಡು ಬತ್ತೈತೆ. ಮೊದ್ಲು ಕಳ್ಳೆಕಾಯಿ ಕೀಳಾಕೆ, ಬಿಡಿಸಾಕೆ ನಮ್ಮನ್ನೇ ಕರೀತಿದ್ರು. ಈಗ ಹುಲ್ಲು ಬೆಳೆದ್ರೆ ಕರೀತಾರೆ.”

ಅವರು ಕುಡುಗೋಲು ನಿಲ್ಲಿಸಲಿಲ್ಲ. ಮೇಸ್ತ್ರಿ ನೋಡುತ್ತಿದ್ದ.

ಕೂಲಿಯವರಂತೆಯೇ ಸರ್ಕಾರಿ ಜಮೀನನ್ನು ಹದ ಮಾಡಿ ಉತ್ತ ಬಗರ್ ಹುಕುಂ ಬಡವರ ಹೆಸರೂ ಪಹಣಿಯಲ್ಲಿಲ್ಲ. ಗಂಡನ ಜೊತೆ ಜೀವಮಾನವಿಡೀ ಕಳೆ ಕಿತ್ತ ಹೆಂಡತಿಯ ಹೆಸರು ಎಷ್ಟು ಪಹಣಿಗಳಲ್ಲಿರುತ್ತದೆ ಎಂದು ಯಾವ ಊರಿನ ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿದರೂ ಗೊತ್ತಾಗುತ್ತದೆ. ಎಕರೆ ಹೆಚ್ಚಿದ್ದವನಿಗೆ ಹೆಚ್ಚು, ಕಡಿಮೆಯಿದ್ದವನಿಗೆ ಕಡಿಮೆ, ಇಲ್ಲದವನಿಗೆ ಇಲ್ಲ. ಬರ ಎಲ್ಲರ ಪಾಲಿಗೂ ಬರುತ್ತಿತ್ತು, ಬಿಸಿಲಿನ ಆದಾಯ ಹಾಗೆ ಬರಲಿಲ್ಲ.

ತಂತಿ ಬೇಲಿಯ ಹೊರಗೆ, ಬೇವಿನ ಮರದಡಿ ಕಂಬಳಿ ಹೊದ್ದ ವೃದ್ಧರೊಬ್ಬರು ಕುರಿ ನಿಲ್ಲಿಸಿಕೊಂಡು ಕೂತಿದ್ದರು. “ತಾತಾ, ಮೇವಿಗೆ ಎಲ್ಲಿಗೆ ಹೋಗ್ತೀರಿ?” ಎಂದೆ. “ನೋಡಪ್ಪಾ, ಬೆಳೆ ಎತ್ತಿದ್ಮ್ಯಾಲೆ ಈ ಹೊಲ್ದಾಗೆಲ್ಲ ಮಂದೆ ನಿಲ್ಸ್ತಿದ್ವಿ. ಅವ್ರ ಹೊಲಕ್ಕೆ ಗೊಬ್ರ, ನಮ್ಗೆ ಕಾಳು. ಈಗ ಬೇಲಿ ಸುತ್ಕೊಂಡು ಮೈಲಿಗಟ್ಟಲೆ ನಡೀಬೇಕು” ಎಂದರು. ರೈತನಿಗೂ ಕುರುಬನಿಗೂ ತಲೆತಲಾಂತರದಿಂದ ಇದ್ದ ಆ ಬಾಯಿಮಾತಿನ ಒಪ್ಪಂದಕ್ಕೆ ಕಾಗದವಿರಲಿಲ್ಲ, ಅದು ಮುರಿದದ್ದಕ್ಕೆ ಪರಿಹಾರವೂ ಇಲ್ಲ.

ಬೇಲಿಯ ಒಳಗೆ ಕೂಲಿ ಕೊಟ್ಟು ಕೊಯ್ಯಿಸುವ ಹುಲ್ಲು, ಹೊರಗೆ ಅದೇ ಹುಲ್ಲನ್ನು ನೋಡುತ್ತಾ ನಿಂತ ಕುರಿ. ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಸೌರಫಲಕಗಳಡಿ ಕುರಿ ಮೇಯಿಸುವುದು ಈಗ ರೂಢಿಯ ಮಾತಾಗಿದೆ. ಆಡಾದರೆ ಹತ್ತಿ ಕುಣಿದೀತು, ತಂತಿ ಕಚ್ಚೀತು. ಕುರಿ ತಲೆ ತಗ್ಗಿಸಿ ಮೇಯುವ ಪ್ರಾಣಿ. ಹುಲ್ಲು ಕೊಯ್ಯುವ ಹೆಂಗಸರ ದಿನಗೂಲಿಗೆ ಕುತ್ತು ತರದೆ, ಫಲಕ ತೊಳೆಯುವ, ದುರಸ್ತಿ ಮಾಡುವ ಕೆಲಸಕ್ಕೆ ಅವರನ್ನು ತರಬೇತುಗೊಳಿಸಿ, ಕುರಿಗಾಹಿಗಳಿಗೂ ಒಳಗೆ ದಾರಿ ಬಿಡಲು ಬೇಕಾದದ್ದು ತಂತ್ರಜ್ಞಾನವಲ್ಲ, ಮನಸ್ಸು.

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿ ಇನ್ನೊಂದು ದಾರಿ ತೋರಿಸಿದೆ. 2016ರಲ್ಲಿ ಅಲ್ಲಿನ ಆರು ರೈತರು ಸಹಕಾರ ಸಂಘ ಕಟ್ಟಿ, ಸೌರ ಪಂಪಿನಿಂದ ಹೊಲಕ್ಕೆ ನೀರು ಹಾಯಿಸಿ, ಉಳಿದ ಕರೆಂಟನ್ನು ವಿದ್ಯುತ್ ಕಂಪನಿಗೆ ಮಾರತೊಡಗಿದರು. ಬಾಡಿಗೆ ಪಡೆಯುವವನಾಗಿಯಲ್ಲ, ಕರೆಂಟಿನ ಒಡೆಯನಾಗಿ ರೈತ ಅಲ್ಲಿ ನಿಂತ. ಹಾಲಿನ ಡೇರಿ ಕಟ್ಟಿ ಬಲ್ಲ ನಮ್ಮ ಹಳ್ಳಿಗಳಿಗೆ ಇದು ಆಗದ ಕೆಲಸವಲ್ಲ. 2019ರಲ್ಲಿ ಬಂದ ಕೇಂದ್ರದ ಕುಸುಮ್ ಯೋಜನೆ ರೈತ ತನ್ನ ಹೊಲದಲ್ಲೇ 2 ಮೆಗಾವಾಟ್‌ವರೆಗಿನ ಘಟಕ ಹಾಕಲು ಅವಕಾಶ ಕೊಟ್ಟಿದೆ.

ಪಾವಗಡದ ಗುತ್ತಿಗೆ ಮುಗಿಯುವ ಹೊತ್ತಿಗೆ ಸಹಿ ಹಾಕಿದವರ ಮೊಮ್ಮಕ್ಕಳು ಹೊಲಕ್ಕೆ ಬರುತ್ತಾರೆ. ಅಷ್ಟರಲ್ಲಿ ಫಲಕಗಳ ಆಯುಸ್ಸೂ ಮುಗಿದಿರುತ್ತದೆ. ನೆಲದಲ್ಲಿ ಹೂತ ಕಂಬ, ಕಾಂಕ್ರೀಟು, ಒಡೆದ ಗಾಜು ಎಲ್ಲವನ್ನೂ ತೆಗೆದು ಉಳುವ ಹೊಲವನ್ನಾಗಿ ಮರಳಿಸುವ ಹೊಣೆ ಯಾರದು, ಅದಕ್ಕೆ ಹಣ ಎಲ್ಲಿಂದ ಎಂಬುದನ್ನು ಕಂಪನಿಗಳು ಲಾಭದಲ್ಲಿರುವಾಗಲೇ ಬರೆಸಿಕೊಳ್ಳಬೇಕು.

ಗುಡ್ಡದ ಮೇಲೆ ನಿಂತಾಗ ಮನಸ್ಸಿಗೆ ಬಂದ ಒಂದು ಲೆಕ್ಕವನ್ನು ಇಲ್ಲಿ ಒಪ್ಪಿಸುತ್ತೇನೆ. ಸಾಮರ್ಥ್ಯದ ಐದರಲ್ಲೊಂದು ಪಾಲೆಂದು ಹಿಡಿದರೂ ಈ ಬಯಲಿನಿಂದ ವರ್ಷಕ್ಕೆ ಸುಮಾರು 359 ಕೋಟಿ ಯೂನಿಟ್ ವಿದ್ಯುತ್ ಹೊರಡುತ್ತದೆ. ಯೂನಿಟ್ಟಿಗೆ ಒಂದೇ ಒಂದು ಪೈಸೆ ಎತ್ತಿಟ್ಟರೆ ವರ್ಷಕ್ಕೆ ಮೂರೂವರೆ ಕೋಟಿ ರೂಪಾಯಿ. ಐದೂರಿನ ಭೂಮಿಯಿಲ್ಲದ ಮನೆಗಳಿಗೆ, ಕುರಿಗಾಹಿಗಳಿಗೆ, ಒಂಟಿ ಹೆಂಗಸರಿಗೆ ಅದು ಭಿಕ್ಷೆಯಲ್ಲ, ಗುತ್ತಿಗೆಯಷ್ಟೇ ನ್ಯಾಯವಾದ ಪಾಲು. ಮುಂದೆ ರಾಜ್ಯದ ಯಾವ ಬಯಲಿನಲ್ಲಿ ಸೋಲಾರ್ ಪಾರ್ಕಿಗೆ ಸಹಿ ಬಿದ್ದರೂ ಪಹಣಿಗಳ ಕಟ್ಟಿನ ಜೊತೆಗೆ ಇವರೆಲ್ಲರ ಪಟ್ಟಿಯೂ ಗ್ರಾಮಸಭೆಯ ಮುಂದೆ ಬರಲಿ, ಆ ಒಂದು ಪೈಸೆ ಕರಾರಿನ ಮೊದಲ ಪುಟದಲ್ಲೇ ಇರಲಿ.