ಎಡಗಾಲಿನ ನಮಸ್ಕಾರ

ಮಾರಿಸ್ ಮೈನರ್ ಕಾರಿನಲ್ಲಿ, ಎದುರು ಬರುವವರಿಗೆ ಮರ್ಯಾದೆ ತೋರುವ ಕೆಲಸವನ್ನು ಚಾಲಕನ ಎಡಗಾಲಿಗೆ ವಹಿಸಿದ್ದಾರೆ. ಕ್ಲಚ್ಚಿನ ಪಕ್ಕದ ಗುಂಡಿಯನ್ನು ಮೆಟ್ಟಿದರೆ ಮುಂದಿನ ದೀಪಗಳು ಕಣ್ಣು ತಗ್ಗಿಸುತ್ತವೆ. ಮತ್ತೊಮ್ಮೆ ಮೆಟ್ಟಿದರೆ ತಲೆಯೆತ್ತುತ್ತವೆ. ಕಾಲಿನಿಂದ ಸಲ್ಲುವ ನಮಸ್ಕಾರ ಲೋಕದಲ್ಲಿ ಇದೊಂದೇ ಇರಬೇಕು!

ಆದರೆ ದೀಪದ ವಿದ್ಯುತ್ತೆಲ್ಲ ಆ ಗುಂಡಿಯೊಳಗಿನಿಂದಲೇ ಹಾಯಬೇಕು. ತಲಾ 42 ವಾಟಿನ ಎರಡು ದೀಪಗಳಿಗೆ, 12 ವೋಲ್ಟಿನಲ್ಲಿ, 7 ಆಂಪಿಯರು. ಮೇಲಿನಿಂದ ಪಾದರಕ್ಷೆಯ ಕೆಸರು, ಮಳೆನೀರು. ಒಳಗಿನ ಲೋಹದ ತುದಿಗಳಿಗೆ ಕಿಲುಬು ಹಿಡಿದರೆ ತಡೆ ಹೆಚ್ಚುತ್ತದೆ. ತಡೆಯಿಂದ ಕಾವು, ಕಾವಿನಿಂದ ಸ್ಪ್ರಿಂಗಿನ ಬಿಗಿ ಸಡಿಲ.

ನಮ್ಮ ಕಾರಿನ ಗುಂಡಿ ಒಂದು ರಾತ್ರಿ, ಘಟ್ಟದ ತಿರುವಿನಲ್ಲಿ ಎದುರಿಗೆ ಲಾರಿ ಬರುತ್ತಿರುವಾಗ, ಎರಡು ಬಗೆಯ ಬೆಳಕನ್ನೂ ನುಂಗಿಬಿಟ್ಟಿತು. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ರಿಸುತ್ತಿದ್ದರು. ಲಾರಿಯವನು ನಿಲ್ಲಿಸಿದ; ಬದುಕಿದೆವು.

"ಎಸೆದು ಹೊಸದು ಹಾಕಿಸಿ ಸ್ವಾಮಿ" ಎಂದ ಗ್ಯಾರೇಜಿನ ಮೇಸ್ತ್ರಿ. ನನಗೆ ಮನಸ್ಸು ಬರಲಿಲ್ಲ. ಬಿಚ್ಚಿ, ನವಿರಾದ ಎಮರಿ ಕಾಗದದಿಂದ ತಿಕ್ಕಿದಾಗ ಲೋಹ ಹೊಳೆಯಿತು. ಅಷ್ಟಕ್ಕೇ ನಂಬುವಂತಿರಲಿಲ್ಲ. ಎರಡು ಬೆಳಕಿಗೂ ಒಂದೊಂದು ರಿಲೇ, ಒಂದೊಂದು ಫ್ಯೂಸು ಹಾಕಿಸಿದೆ. ಹೊರೆ ಹೊರುವುದು ಈಗ ರಿಲೇಯ ಪಾಡು; ಗುಂಡಿಗೆ ತಗಲುವುದು ಆಂಪಿಯರಿನ ಅಲ್ಪಾಂಶ. ಮನೆಯ ಹಿರಿಯರಂತೆ ಅದು ಅಪ್ಪಣೆ ಕೊಟ್ಟರೆ ಸಾಕು.

ನನ್ನಾಕೆ ಮಾತ್ರ ಘಟ್ಟದ ದಾರಿಯಲ್ಲಿ ಇಂದಿಗೂ ಟಾರ್ಚನ್ನು ಮಡಿಲಲ್ಲಿಟ್ಟುಕೊಂಡೇ ಕೂಡುತ್ತಾಳೆ.