ಗ್ಯಾಸ್‌ಲೈಟಿನ ಗೆಳೆಯ

ಸಹಪಾಠಿಗಳಲ್ಲಿ ಕೆಲವರು ಗಳಿಸಿದ ಅಂಕಗಳಿಂದಲೂ, ಕೆಲವರು ತಿಂದ ಪೆಟ್ಟುಗಳಿಂದಲೂ ನೆನಪಿನಲ್ಲಿ ಉಳಿಯುವರು. ಸಾಗರ ಸೀಮೆಯ ನಮ್ಮ ಶಾಲೆಯಲ್ಲಿ ನನ್ನ ಪಕ್ಕದ ಮಣೆಯಲ್ಲಿ ಕೂರುತ್ತಿದ್ದ ಗೆಳೆಯನೊಬ್ಬನು ಮಾತ್ರ ಸೀಮೆಎಣ್ಣೆಯ ವಾಸನೆಯಿಂದ ಉಳಿದಿದ್ದಾನೆ. ಅವನ ತಂದೆ ಮದುವೆ, ತೇರು, ಯಕ್ಷಗಾನದ ಆಟಗಳಿಗೆ ಗ್ಯಾಸ್‌ಲೈಟುಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ರಾತ್ರಿಯೆಲ್ಲ ಆಟದ ದೀಪಗಳನ್ನು ಕಾದು, ಬೆಳಗಾದ ಮೇಲೆ ಅವನ್ನು ಮನೆಗೆ ಮುಟ್ಟಿಸಿ ನೇರವಾಗಿ ಶಾಲೆಗೆ ಬರುತ್ತಿದ್ದ ಈ ಮಹಾಶಯನು, ಗಣಿತದ ಪಾಠ ಪ್ರಾರಂಭವಾಗುವುದಕ್ಕೆ ಮುನ್ನವೇ ಗಾಢನಿದ್ರೆಯಲ್ಲಿ ಲೀನನಾಗಿ, ಇತಿಹಾಸದ ಹೊತ್ತಿಗೆ ಎಚ್ಚತ್ತು, ಹಿಂದಿನ ಇರುಳಿನ ಕೌರವನ ಒಡ್ಡೋಲಗವನ್ನು ನನ್ನ ಕಿವಿಯಲ್ಲಿ ಸಾದ್ಯಂತವಾಗಿ ನಿವೇದಿಸುತ್ತಿದ್ದನು.

ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಮಳೆ ಹಿಡಿಯುವವರೆಗೆ ಅವನು ಆಟದವನು. ಮಳೆ ಹಿಡಿದಮೇಲೆ ಕಾಡಿನವನು. ಇಂಬಳಗಳಿಗೆ ರಕ್ತದಾನ ಮಾಡುತ್ತ ಗುಡ್ಡ ಹತ್ತುವುದರಲ್ಲಿ ಅವನಿಗಿದ್ದ ಆನಂದವನ್ನು ನಾನು ಎಂದೂ ಪೂರ್ಣವಾಗಿ ಹಂಚಿಕೊಳ್ಳಲಾರದವನಾಗಿದ್ದೆ. ಈ ಎರಡು ವ್ಯಸನಗಳೂ ಒಮ್ಮೆ ಶಾಲೆಯ ವಾರ್ಷಿಕೋತ್ಸವದಲ್ಲಿ ಸಂಗಮಿಸಿದವು. ಪಂಚವಟಿಯ ದೃಶ್ಯಕ್ಕೆಂದು ತರಿಸಿದ್ದ ಪರದೆಯ ಮೇಲಿನ ಮರಗಳನ್ನು ಕಂಡು, ಇಂಥ ಎಲೆಯುಳ್ಳ ಮರ ಯಾವ ಅರಣ್ಯದಲ್ಲಿಯೂ ಇಲ್ಲವೆಂದು ಧಿಕ್ಕರಿಸಿದ ನಮ್ಮ ಗೆಳೆಯನು, ಪರದೆಯನ್ನು ಸುತ್ತಿಟ್ಟು, ಕಾಡಿನಿಂದ ಹಸಿರು ಕೊಂಬೆಗಳನ್ನೇ ಕಡಿದು ತಂದು ರಂಗವನ್ನು ದಂಡಕಾರಣ್ಯವನ್ನಾಗಿ ಮಾಡಿದನು. ಕೊಂಬೆಗಳೊಡನೆ ಚಗಳಿ ಇರುವೆಗಳ ಗೂಡೂ ಬಂದಿತ್ತೆಂಬುದು ಶೂರ್ಪಣಖೆಯ ಪ್ರವೇಶಕ್ಕೆ ಮೊದಲೇ ಸೀತಾರಾಮಲಕ್ಷ್ಮಣರಿಗೆ ಏಕಕಾಲದಲ್ಲಿ ವೇದ್ಯವಾಯಿತು. ಅಷ್ಟು ಭಾವಾವೇಶದಿಂದ ಕೂಡಿದ ಅಭಿನಯವನ್ನು ನಮ್ಮೂರು ಅದಕ್ಕೆ ಹಿಂದೆ ಕಂಡಿರಲಿಲ್ಲ.

ತಾನು ಮಾತ್ರ ವೇಷ ಹಾಕಲು ಅವನು ಒಪ್ಪಿದವನಲ್ಲ. “ವೇಷ ಹಾಕಿದವನಿಗೆ ಆಟ ಕಾಣೂದಿಲ್ಲ ಮಾರಾಯ” ಎನ್ನುವನು. ಅವನ ಭಕ್ತಿಯೆಲ್ಲ ಆ ದೀಪಕ್ಕೆ ಮೀಸಲು. ಸ್ಪಿರಿಟ್ಟಿನಿಂದ ಕೊಳವೆಯನ್ನು ಕಾಯಿಸಿ, ಹದವರಿತು ಪಂಪು ಹೊಡೆದು, ಎಣ್ಣೆಯು ಆವಿಯಾಗಿ ಮೇಲೇರಿ ಮ್ಯಾಂಟಲು ಬೆಳ್ಳಗೆ ಉಜ್ಜ್ವಲಿಸುವ ಕ್ಷಣದಲ್ಲಿ ಅವನ ಮುಖವನ್ನು ನೋಡಬೇಕಾಗಿತ್ತು! ಆ ಪುಟ್ಟ ಬಲೆಚೀಲದ ಪೂರ್ವೋತ್ತರವು ನನಗೆ ತಿಳಿದುದು ಬಹುಕಾಲದ ಮೇಲೆ. ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಔವರ್ ಫಾನ್ ವೆಲ್ಸ್‌ಬಾಖ್ ಎಂಬಾತನು 1885ರಲ್ಲಿ ಮೊದಲ ಮ್ಯಾಂಟಲನ್ನು ರೂಪಿಸಿ, ಮುಂದೆ ಥೋರಿಯಂ 99 ಪಾಲು, ಸೀರಿಯಂ 1 ಪಾಲು ಎಂಬ ಹದವನ್ನು ಕಂಡುಕೊಂಡನು. ನೂಲು ಸುಟ್ಟುಹೋದ ಮೇಲೆ ಉಳಿಯುವ ಈ ಧಾತುಗಳ ಭಸ್ಮವೇ, ಮುಟ್ಟಿದರೆ ಉದುರುವ ಆ ಭಸ್ಮವೇ, ರಾತ್ರಿಯಿಡೀ ಬೆಳಗುವುದು. ಬರ್ಲಿನ್ನಿನ ಗ್ರೆಟ್ಸ್ ಕಾರ್ಖಾನೆಯವರು ಇದಕ್ಕೆ ಸೀಮೆಎಣ್ಣೆಯ ಆವಿಯನ್ನು ಒದಗಿಸಿ ಪೆಟ್ರೋಮ್ಯಾಕ್ಸ್ ಎಂಬ ದೀಪವನ್ನು ಲೋಕಕ್ಕೆಲ್ಲ ಹಂಚಿದರು. ಥೋರಿಯಂ ಎಲ್ಲಿಯದೆಂದರೆ, ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ 1909ರಲ್ಲಿ ಜರ್ಮನಿಯವನೊಬ್ಬನು ಅದರ ಅದಿರನ್ನು ಗುರುತಿಸಿ, ಆ ಕಡಲತೀರವನ್ನೇ ಅರಸಿಕೊಂಡು ಬಂದನಂತೆ. ಹೀಗಾಗಿ, ನಮ್ಮವರು ಪರದೇಶದ ಬೆಳಕೆಂದು ಕೌತುಕಪಟ್ಟುದರಲ್ಲಿ ಇದೇ ಪಡುವಣ ಕಡಲಿನ ಮರಳೂ ಒಂದಿಷ್ಟು ಇದ್ದಿರಬಹುದು.

ಇಂಥ ದೀಪವೊಂದನ್ನು ಹೊತ್ತು ಅವನು ನನ್ನನ್ನು ಒಂದು ಇರುಳು ನಾಗೋಡಿಯ ಕಡೆಯಿಂದ ಕೊಡಚಾದ್ರಿಗೆ ಎಳೆದುಕೊಂಡು ಹೋದನು. 1343 ಮೀಟರು ಎತ್ತರದ ಆ ಪರ್ವತವನ್ನು ಶಂಕರರ ಸರ್ವಜ್ಞಪೀಠಕ್ಕಾಗಿಯೋ ಸೂರ್ಯಾಸ್ತಕ್ಕಾಗಿಯೋ ಜನ ಹತ್ತುವರಲ್ಲದೆ, ಕತ್ತಲೆಗಾಗಿ ಹತ್ತಿದವನನ್ನು ನಾನು ಬೇರೆ ಕಂಡಿಲ್ಲ. ನಡುದಾರಿಯಲ್ಲಿ ದೀಪವನ್ನು ಬಂಡೆಯ ಮೇಲಿರಿಸಿ, ನನ್ನನ್ನು ದೂರ ಕೂರಿಸಿ, ತಾನು ಪೊದೆಗಳ ಹಿಂದಕ್ಕೆ ಹೋಗಿ ಮರೆಯಾದನು. ಸ್ವಲ್ಪ ಹೊತ್ತಿಗೆ, ಲುಂಗಿಯನ್ನು ಮೇಲೆ ಕಟ್ಟಿ, ಕೀಚಕನ ಅರ್ಥವನ್ನು ಹೇಳುತ್ತ ಅವನು ಬೆಳಕಿನ ಒಳಕ್ಕೆ ಕಾಲಿಟ್ಟಾಗ, ಮುಖಕ್ಕೆ ಬಣ್ಣವಿಲ್ಲದ ಆ ಪರಿಚಿತನನ್ನು ಕಂಡು ನನಗೆ ನಿಜವಾಗಿಯೂ ಭಯವಾಯಿತು. “ನೋಡಿದೆಯಾ? ಬೆಳಕಿಗೊಂದು ಅಂಚು ಬೇಕು. ಅದರಾಚೆಯಿಂದ ಬಂದರೇ ವೇಷ” ಎಂದನು. ದೀವಟಿಗೆಗೆ ರಾಳದ ಪುಡಿ ಎರಚಿ ಬಣ್ಣದ ವೇಷವನ್ನು ಬರಮಾಡಿಕೊಳ್ಳುತ್ತಿದ್ದ ಹಿಂದಿನವರು ಈ ಮಾತನ್ನು ಒಪ್ಪುತ್ತಿದ್ದರೆಂದು ತೋರುತ್ತದೆ. ಆಟ, ಕಾಡು ಎಂದು ನಾವು ಬೇರೆಬೇರೆಯಾಗಿ ಎಣಿಸುತ್ತಿದ್ದುದು ಅವನ ಪಾಲಿಗೆ ಒಂದೇ ಕತ್ತಲೆಯ ವಿಷಯವಾಗಿತ್ತೆಂಬುದು ಆ ರಾತ್ರಿ ನನಗೆ ತಿಳಿಯಿತು.

ಅವನ ವೃತ್ತಿಗೆ ಮುಳುವಾದುದು ನಮ್ಮ ಶರಾವತಿಯೇ. ಜೋಗದಲ್ಲಿ 1948ರಲ್ಲಿ ವಿದ್ಯುತ್ತು ಉತ್ಪನ್ನವಾಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಹಿನ್ನೀರು ಊರೂರುಗಳನ್ನೇ ನುಂಗಿತು. ಉಳಿದ ಊರುಗಳಿಗೆ ಮೆಲ್ಲಮೆಲ್ಲಗೆ ತಂತಿ ಬಂದಿತು. ಒಂದೆಡೆ ಆಟ ಆಡಿಸುವ ಗದ್ದೆಗಳೂ, ಇನ್ನೊಂದೆಡೆ ದೀಪ ಕೇಳುವ ಜನರೂ ಇಲ್ಲದಂತಾಗಿ, ಬಾಡಿಗೆಯ ಅಂಗಡಿ ಮುಚ್ಚಿತು. ಅವನು ಅಡಕೆ ತೋಟದ ಲೆಕ್ಕ ಬರೆಯುತ್ತ ಕಾಲ ಹಾಕಿದನಾದರೂ ಸುತ್ತುಮುತ್ತ ನಾಟಕವೆಂದರೆ ಬಿಡುತ್ತಿರಲಿಲ್ಲ. ಹೆಗ್ಗೋಡಿನಲ್ಲಿ 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರವಾದ ಮೇಲಂತೂ ಅಲ್ಲಿಯ ಕೊನೆಯ ಸಾಲು ಅವನಿಗೆ ಕಾಯಂ ಆಯಿತು. ನಾಟಕ ಹೇಗಿತ್ತೆಂದು ನಾನು ಕೇಳಿದಾಗಲೆಲ್ಲ, ನಾಟಕ ಯಾವುದೇ ಇರಲಿ, ಒಂದೇ ವಿಮರ್ಶೆ: “ಬೆಳಕು ಜಾಸ್ತಿ ಆಯ್ತು.”

ಒಂದು ಮಳೆಗಾಲದಲ್ಲಿ, ಹಳ್ಳಿಯ ಶಾಲೆಯೊಂದರ ಮಕ್ಕಳ ನಾಟಕದ ಮಧ್ಯೆ ವಿದ್ಯುತ್ತು ಹೋಗಿ, ಯಾರೋ ಅಟ್ಟದಿಂದ ಹಳೆಯ ಗ್ಯಾಸ್‌ಲೈಟೊಂದನ್ನು ಇಳಿಸಿ ತಂದು ಹಚ್ಚಿದರು. ಅದು ಭುಸುಗುಟ್ಟಿ ಕೆಂಪಗೆ ಉರಿಯತೊಡಗಿತು. “ನಿಪ್ಪಲ್ ಕಟ್ಟಿದೆ, ಪಿನ್ನು ಹಾಕಬೇಕು” ಎಂದು ಗೊಣಗುತ್ತ ಎದ್ದ ಗೆಳೆಯನು, ಅರುವತ್ತು ದಾಟಿದ ಮಂಡಿಗಳನ್ನು ಮರೆತು ಜನರನ್ನು ದಾಟಿಕೊಂಡು ಮುಂದಕ್ಕೆ ನಡೆದನು, ಮಂಗಳದವರೆಗೂ ಹಿಂದಿರುಗಲಿಲ್ಲ. ಅವನ ಕುರ್ಚಿಯನ್ನು ಕಾದಿರಿಸಲು ನಾನು ಮಾಡಿದ ಪ್ರಯತ್ನವು, ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದ ಅಜ್ಜಿಯೊಬ್ಬರ ಮುಂದೆ ವಿಫಲವಾಯಿತು.